ಮದುವೆ ಕ್ಯಾಸೆಟ್ಟಿನ ಏಳು ನಿಮಿಷ

ಅಪ್ಪನ ಸ್ವರವನ್ನು ಅಳಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಡುವೆ ಎಲ್ಲೋ ನೀವು ಬೇರೆ ಯಾರನ್ನೋ ಬೈಯಲು ಶುರು ಮಾಡುತ್ತೀರಿ. ಮದುವೆಯ ವಿಡಿಯೋ ತೆಗೆದವನನ್ನು ಬೈಯಬೇಡಿ, ಡಾಕ್ಟರನ್ನು ಬೈಯಬೇಡಿ, ಆ ವಿಸಿಆರನ್ನಂತೂ ಬೈಯಲೇಬೇಡಿ. ಪಾಪ, ಅದು ನಾನು ಹೇಳಿದ್ದನ್ನು ಹೇಳಿದ ಹಾಗೆ ಮಾಡಿತು. ಗುಂಡಿ ಒತ್ತಿದ ಬೆರಳು ನನ್ನದು.

ಅಪ್ಪ ಧಕ್ಕೆಯಲ್ಲಿ, ಅಂದರೆ ಬೋಟು ಕಟ್ಟುವ ಬಂದರುಕಟ್ಟೆಯಲ್ಲಿ, ಮೀನಿನ ಹರಾಜು, ನಮ್ಮ ಕಡೆಯ ಏಲಂ, ಕೂಗುತ್ತಿದ್ದರು. ಬೋಟುಗಳು ಬಂದು ನಿಂತು ಬುಟ್ಟಿಬುಟ್ಟಿ ಬಂಗುಡೆ, ಬೂತಾಯಿ ಇಳಿಸಿದ ಕೂಡಲೇ ಅವರ ಕೆಲಸ ಶುರು. ಬೋಟಿನ ಇಂಜಿನು, ಐಸು ಒಡೆಯುವ ಸದ್ದು, ಕಾಗೆಗಳು, ಮೀನು ಮಾರುವ ಹೆಂಗಸರ ಜಗಳ, ಲಾರಿಯ ಹಾರ್ನು, ಇಷ್ಟರ ಮೇಲೆ ಅಪ್ಪನ ಸ್ವರ ಕೇಳಬೇಕಿತ್ತು, ಕೇಳುತ್ತಲೂ ಇತ್ತು. ಮೈಕು ಗೀಕು ಎಂಥದ್ದೂ ಇಲ್ಲ. ಚಿಕ್ಕವಳಿದ್ದಾಗ ಅಮ್ಮ ನನ್ನ ಕೈಯಲ್ಲಿ ಅವರಿಗೆ ಬುತ್ತಿ ಕಳಿಸುತ್ತಿದ್ದಳು. ಅಪ್ಪ ಎಲ್ಲಿ ಎಂದು ನಾನು ಒಂದು ದಿನವೂ ಯಾರನ್ನೂ ಕೇಳಿದವಳಲ್ಲ. ಸ್ವರ ಬಂದ ಕಡೆಗೆ ನಡೆದರೆ ಸಾಕು, ಗುಂಪಿನ ನಡುವೆ ಬನಿಯನ್ನು ಹಾಕಿ ಮುಂಡು ಎತ್ತಿ ಕಟ್ಟಿದ ಅಪ್ಪ, "ಒಂಜಿ... ರಡ್ಡ್... ಮೂಜಿ!" ಎಂದು ಕೈ ಬೀಸುತ್ತಿರುತ್ತಿದ್ದರು. ಮೂರು ಎಂದ ಮೇಲೆ ಆ ಬುಟ್ಟಿಯ ಬಗ್ಗೆ ಯಾರೂ ಚಕಾರ ಎತ್ತುವ ಹಾಗಿರಲಿಲ್ಲ.

ನಮ್ಮದು ತಲೆತಲಾಂತರದಿಂದ ಸಮುದ್ರಕ್ಕೆ ಹೋಗುವವರ ಕುಟುಂಬ. ಮಕ್ಕಳು ಓದಬೇಕು ಎಂಬ ಹಠಕ್ಕೆ ಅಪ್ಪ ಸಮುದ್ರದ ಬದಿ ಬಿಟ್ಟು ದೇರೆಬೈಲಿನಲ್ಲಿ ಒಂದು ಸಣ್ಣ ಹಂಚಿನ ಮನೆ ಮಾಡಿದರು. ನಾವು ಹೆಣ್ಣುಮಕ್ಕಳಿಬ್ಬರು, ನಾನು ದೊಡ್ಡವಳು. ನಾನು ಓದಿ ಕನ್ನಡ ಟೀಚರಾದೆ. ಏಳನೇ ಕ್ಲಾಸಿನಲ್ಲಿ ನಾನು ಪದ್ಯ ಹೇಳಿಕೊಟ್ಟರೆ ಐದನೇ ಕ್ಲಾಸಿನ ಮಕ್ಕಳಿಗೂ ಬಾಯಿಪಾಠ ಆಗುತ್ತಿತ್ತು. ಹೆಡ್‌ಮಾಸ್ಟರರು ಎರಡು ಸಲ ಕರೆದು, "ಟೀಚರೇ, ಸ್ವಲ್ಪ ಮೆಲ್ಲ" ಎಂದದ್ದುಂಟು. ಕೋಪವೂ ಹಾಗೆಯೇ, ಮೂಗಿನ ತುದಿಯಲ್ಲಿ. ನಲವತ್ತು ಮಕ್ಕಳನ್ನು ಸುಧಾರಿಸುವವಳಿಗೆ ಅದು ಇರಲೇಬೇಕು ಎಂದು ನಾನು ವಾದಿಸುತ್ತಿದ್ದೆ.

ಮನೆಯಲ್ಲಿ ಎಲ್ಲವೂ ತುಳು. ಪ್ರೀತಿ ತುಳು, ಜಗಳ ತುಳು, ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿದರೆ ಕಿರುಚುವುದೂ ತುಳು. ಆದರೆ ಬರೆಯುವುದೆಂದರೆ ಕನ್ನಡ. ಎದುರಿಗಿದ್ದಾಗ ನನ್ನನ್ನು ಬಾಯಿಗೆ ಬಂದ ಹಾಗೆ ಬೈಯುವ ತಂಗಿ, ಕಾಗದ ಬರೆದರೆ "ಪೂಜ್ಯ ಅಕ್ಕನಿಗೆ ತಂಗಿ ಬೇಡುವ ಆಶೀರ್ವಾದಗಳು" ಎಂದು ಶುರು ಮಾಡುತ್ತಿದ್ದಳು. ಮದುವೆಯ ಕರೆಯೋಲೆ, ಸಾವಿನ ಸುದ್ದಿ, ಊರಿಗೆ ಬಂದ ಸೊಸೆಯ ಬಗ್ಗೆ ಗುಟ್ಟಿನ ಚಾಡಿ, ಕಾಗದಕ್ಕೆ ಇಳಿಯುವಾಗ ಎಲ್ಲವೂ ಕನ್ನಡದ ಸೀರೆ ಉಟ್ಟುಕೊಂಡೇ ಇಳಿಯುತ್ತಿದ್ದವು. ಈಗಲೂ ನೋಡಿ, ಮನೆಯವರ ಮಾತನ್ನೆಲ್ಲ ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅವರು ಆಡಿದ್ದು ತುಳು ಎಂದು ತಿಳಿದುಕೊಳ್ಳಿ.

ಎಂಬತ್ತರ ದಶಕದ ಶುರುವಿನಲ್ಲಿ ತಂಗಿಯ ಮದುವೆಯಾಯಿತು. ನನಗಿಂತ ಮೊದಲು. ನನಗೆ ಮದುವೆ ಬೇಡವಾಗಿತ್ತು, ಆಮೇಲೂ ಆಗಲಿಲ್ಲ. ಅದರ ಬಗ್ಗೆ ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಹುಡುಗ ಗಲ್ಫಿನಲ್ಲಿದ್ದವನು, ಅವನ ಕಡೆಯವರು ವಿಡಿಯೋ ಬೇಕೇ ಬೇಕು ಎಂದರು. ಹಾಗೆ ನಮ್ಮ ಕುಟುಂಬದ ಮದುವೆಗೆ ಮೊದಲ ಸಲ ವಿಡಿಯೋದವನು ಬಂದ. ಹೆಗಲ ಮೇಲೆ ಕೆಮರಾ, ಅದಕ್ಕೊಂದು ಕಣ್ಣು ಕುಕ್ಕುವ ಲೈಟು, ಲೈಟಿಗೆ ಉದ್ದದ ವಯರು. ಊಟದ ಹೊತ್ತಿಗೆ ಅವನು ಆ ವಯರನ್ನು ಎಲೆಗಳ ಸಾಲಿನ ನಡುವೆ ಎಳೆದುಕೊಂಡು ಬಂದ. ಸಾಂಬಾರಿನ ಬಾಲ್ದಿ ಹಿಡಿದು ಬರುತ್ತಿದ್ದವರ ಕಾಲಿಗೆ ಅದು ಸುತ್ತಿಕೊಂಡಿತು. ಬಿಸಿ ಸಾಂಬಾರು ಹುಡುಗನ ಕಡೆಯ ಹಿರಿಯರೊಬ್ಬರ ಬೆನ್ನಿನ ಮೇಲೆ ಬೀಳುವುದು ಕೂದಲೆಳೆಯಲ್ಲಿ ತಪ್ಪಿತು.

ನಾನು ಸುಮ್ಮನಿರುತ್ತೇನೆಯೇ? "ನಿಮಗೆ ಕಣ್ಣು ಉಂಟಾ ಇಲ್ವಾ? ಊಟದ ಸಾಲಿನಲ್ಲಿ ಎಂತ ನಿಮ್ಮ ಸರ್ಕಸ್ಸು? ವಯರು ತೆಗೀರಿ ಮೊದ್ಲು!" ಎಂದು ಕೆಮರಾದ ಮೂತಿಗೇ ಬೆರಳು ತೋರಿಸಿ ಕೂಗಿದೆ. ಪಾಪದವನು, ಹೆದರಿ ಕೆಮರಾವನ್ನು ಬೇರೆ ಕಡೆಗೆ ತಿರುಗಿಸಿದ. ನನ್ನ ಬೊಬ್ಬೆ ಮಾತ್ರ ನಿಲ್ಲಲಿಲ್ಲ.

ಕ್ಯಾಸೆಟ್ಟು ಬಂದ ಮೇಲೆ ನನ್ನ ಮಾನ ಹೋಯಿತು. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಹೆಚ್ಚಿನ ಕಡೆ ಆ ಸ್ಟುಡಿಯೋದವರು ಸಿನಿಮಾ ಹಾಡು ತುಂಬಿಸಿದ್ದರು. ಧಾರೆಯ ಹೊತ್ತಿನಲ್ಲಿ ಬರೀ ನಾಗಸ್ವರ. ಏಳು ನಿಮಿಷದ ಊಟದ ಭಾಗಕ್ಕೆ ಮಾತ್ರ ಹಾಡು ಹಾಕಲು ಮರೆತರೋ, ಹಾಡು ಮುಗಿಯಿತೋ ಗೊತ್ತಿಲ್ಲ, ನಡೆದದ್ದು ನಡೆದ ಹಾಗೆಯೇ ಇತ್ತು. ಮೊದಲಿಗೆ ಅಪ್ಪ ಧಕ್ಕೆಯ ಸ್ವರದಲ್ಲಿ "ನುಪ್ಪು ಕನಲೆ!" ಎಂದು ಎದುರು ಸಾಲಿಗೆ ಅನ್ನ ತರಲು ಕೂಗುವುದು, ಜನ ನಗುವುದು, ಎಲೆಯ ಸದ್ದು. ಆಮೇಲೆ ನನ್ನ ಬೊಬ್ಬೆ. ಮರುವರ್ಷ ತಂಗಿಯ ಗಂಡ ರಜೆಯಲ್ಲಿ ಬಂದಾಗ ಒಂದು ಬಣ್ಣದ ಟಿವಿ, ಒಂದು ವಿಸಿಆರ್ ತಂದು ನಮ್ಮ ಮನೆಯಲ್ಲೇ ಬಿಟ್ಟು ಹೋದ. ಟಿವಿಯಲ್ಲಿ ಆಂಟೆನಾ ಎಷ್ಟು ತಿರುಗಿಸಿದರೂ ಚುಕ್ಕಿಗಳೇ ಬರುತ್ತಿದ್ದ ಕಾಲ ಅದು. ಹಾಗಾಗಿ ಬಂದವರಿಗೆಲ್ಲ ಮದುವೆಯ ಕ್ಯಾಸೆಟ್ಟೇ ಗತಿ. ನೆರೆಯವರು, ನೆಂಟರು ಎಲ್ಲರೂ ಕೂತು ಆ ಜಾಗ ಬರುವುದನ್ನೇ ಕಾಯುತ್ತಿದ್ದರು. "ಈಗ ಬರ್ತದೆ, ಈಗ ಬರ್ತದೆ, ಟೀಚರ್ ಬಂದ್ರು!" ಎಂದು ಹೊಟ್ಟೆ ಹಿಡಿದು ನಗುವುದು. ನಾನು ಒಳಗೆ ಹೋಗಿ ಪಾತ್ರೆ ಬಡಿಯುತ್ತಿದ್ದೆ.

ಆ ಮಳೆಗಾಲ ಮುಗಿಯುವಾಗ ಅಪ್ಪನ ಸ್ವರ ಒಡೆಯಲು ಶುರುವಾಯಿತು. ಬೊಬ್ಬೆ ಹಾಕಿ ಹಾಕಿ ಗಂಟಲು ಕಟ್ಟಿದೆ ಎಂದೇ ನಾವು ಅಂದುಕೊಂಡೆವು. ಉಪ್ಪುನೀರು, ಕರಿಮೆಣಸಿನ ಕಷಾಯ, ಜ್ಯೇಷ್ಠಮಧು, ಒಂದೂ ಬಿಡಲಿಲ್ಲ. ಮಳೆಗಾಲಕ್ಕೆ ನಿಂತಿದ್ದ ಬೋಟುಗಳು ಮತ್ತೆ ಹೊರಟು ತಿಂಗಳುಗಳಾದರೂ ಸ್ವರ ತಿರುಗಿ ಬರಲಿಲ್ಲ. ಕೊನೆಗೆ ನಾನೇ ಹಠ ಮಾಡಿ ಅತ್ತಾವರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ, ಗಂಟಲಿನ ಸ್ವರಪೆಟ್ಟಿಗೆಯಲ್ಲಿ ಗಂಟು ಇದೆ, ಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಜೀವ ಉಳಿಸಬಹುದು, ಸ್ವರ ಉಳಿಯುವುದಿಲ್ಲ. ಎಂಟು ದಿನ ಬಿಟ್ಟು ಆಪರೇಷನ್.

ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಅಪ್ಪ ಮೊಣಕೈಯಿಂದ ತಿವಿದು, ಆ ಒಡೆದ ಸ್ವರದಲ್ಲೇ ಹೇಳಿದರು: "ಎಂತ ಮಾರಾಯ್ತಿ, ಮುಖ ಊದಿಸಿಕೊಂಡು? ಮೀನು ಮಾತಾಡ್ತದಾ? ಅದು ಬದುಕುದಿಲ್ವಾ?" ನಾನು ಅತ್ತುಬಿಟ್ಟೆ. ಕಂಡಕ್ಟರನು ಚಿಲ್ಲರೆ ಕೇಳಲಿಕ್ಕೂ ಹೆದರಿ ಮುಂದೆ ಹೋದ.

ಎಂಟು ದಿನದೊಳಗೆ ಅಪ್ಪನ ಸ್ವರವನ್ನು ಹಿಡಿದಿಡಬೇಕು ಎಂಬ ಹುಚ್ಚು ನನಗೆ ಹಿಡಿಯಿತು. ನಮ್ಮ ಟೇಪ್ ರೆಕಾರ್ಡರು ಕೆಟ್ಟು ವರ್ಷವಾಗಿತ್ತು. ಪಕ್ಕದ ಮನೆಯಲ್ಲಿ ಚೆನ್ನಾಗಿರುವುದೊಂದು ಇತ್ತು, ಕೇಳಿದ್ದರೆ ಕೊಡುತ್ತಿದ್ದರು. ಆದರೆ ಆ ಮನೆಯಾಕೆ ಹಿಂದಿನ ಬೇಸಿಗೆಯಲ್ಲಿ ನಮ್ಮ ಒಣಮೀನಿನ ವಾಸನೆಯ ಬಗ್ಗೆ ಮೂಗು ಮುರಿದಿದ್ದಳು. ಅಂದಿನಿಂದ ನಮ್ಮಿಬ್ಬರಿಗೂ ಮಾತಿಲ್ಲ. "ಹೋಗಿ ಕೇಳು, ಇಂಥ ಹೊತ್ತಿನಲ್ಲಿ ಎಂತ ಬಿಂಕ?" ಎಂದು ಅಮ್ಮ ಹೇಳಿದಳು. "ಸತ್ತರೂ ಅವಳ ಮೆಟ್ಟಿಲು ಹತ್ತುವುದಿಲ್ಲ" ಎಂದೆ. ಅಷ್ಟು ದೊಡ್ಡ ಮಾತು ಯಾಕೆ ಆಡಿದೆನೋ.

ವಿಸಿಆರಿನ ಪುಸ್ತಕ ತೆಗೆದು ಕೂತೆ. ಪೂರ್ತಿ ಇಂಗ್ಲಿಷು. ಎರಡು ದಿನ ನಿಘಂಟು ಇಟ್ಟುಕೊಂಡು ಓದಿದಾಗ ಒಂದು ವಿಷಯ ತಿಳಿಯಿತು. ಯಂತ್ರದ ಮುಂದೆ 'ಆಡಿಯೋ ಡಬ್' ಎಂಬ ಒಂದು ಗುಂಡಿ ಇತ್ತು, ಅದರ ಕೆಳಗೆ ಮೈಕಿನ ಪಿನ್ನು ಹಾಕುವ ತೂತು. ಚಿತ್ರ ಇರುವ ಕ್ಯಾಸೆಟ್ಟನ್ನು ಓಡಿಸಿ ಆ ಗುಂಡಿ ಒತ್ತಿದರೆ ಚಿತ್ರ ಹಾಗೆಯೇ ಉಳಿಯುತ್ತದೆ, ಹಳೆಯ ಸದ್ದು ಅಳಿಸಿ ಹೊಸ ಸದ್ದು ಕೂರುತ್ತದೆ. ಕೆಟ್ಟ ಟೇಪ್ ರೆಕಾರ್ಡರಿನ ಬೆರಳುದ್ದದ ಮೈಕು ಕಪಾಟಿನಲ್ಲಿತ್ತು. ಅದರ ಪಿನ್ನು ತೂತಿಗೆ ಸರಿಯಾಗಿ ಕೂತಿತು.

ಮನೆಯಲ್ಲಿ ನಮ್ಮದೇ ಎಂದು ಇದ್ದದ್ದು ಒಂದೇ ಕ್ಯಾಸೆಟ್ಟು, ಮದುವೆಯದ್ದು. ಉಳಿದವೆಲ್ಲ ಬಾಡಿಗೆಗೆ ತರುವ ಸಿನಿಮಾಗಳು. ಮದುವೆಯ ಕ್ಯಾಸೆಟ್ಟಿನ ಬೆನ್ನಿನಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಚೂರನ್ನು ವಿಡಿಯೋದವನು ಮುರಿದು ಕೊಟ್ಟಿದ್ದ. ಅದು ಮುರಿದಿದ್ದರೆ ಅದರ ಮೇಲೆ ಯಾರೂ ಏನೂ ರೆಕಾರ್ಡ್ ಮಾಡಲಾಗದು. "ಇನ್ನು ಹಾಳಾಗುದಿಲ್ಲ, ಹೆದರ್ಬೇಡಿ" ಎಂದು ಅಪ್ಪನ ಕೈಯಲ್ಲಿ ಕೊಟ್ಟದ್ದು ನನಗೆ ಚೆನ್ನಾಗಿ ನೆನಪಿದೆ. ಆ ತೂತಿನ ಮೇಲೆ ಗಮ್ ಟೇಪು ಅಂಟಿಸಿದರೆ ಯಂತ್ರ ಮೋಸ ಹೋಗುತ್ತದೆ ಎಂದೂ ಆ ಪುಸ್ತಕದಲ್ಲೇ ಇತ್ತು. ಶಾಲೆಯ ನಕ್ಷೆಗಳಿಗೆ ಹಚ್ಚುವ ಟೇಪು ತಂದು ಅಂಟಿಸಿದೆ.

ಯಾವ ಜಾಗದ ಮೇಲೆ ಎಂದು ಯೋಚಿಸಲು ನನಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಊಟದ ಸಾಲು! ಒಂದೇ ಕಲ್ಲಿಗೆ ಎರಡು ಹಕ್ಕಿ. ಅಪ್ಪನ ಸ್ವರವೂ ಉಳಿಯಿತು, ನನ್ನ ಬೊಬ್ಬೆಯೂ ಹೋಯಿತು, ಇನ್ನು ಯಾರು ನಗುತ್ತಾರೋ ನೋಡೋಣ. ಆ ಏಳು ನಿಮಿಷಗಳಲ್ಲಿ ಅಪ್ಪನ ಒಡೆಯದ ಸ್ವರ ಇದೆ ಎನ್ನುವುದು ನನಗೆ ಹೊಳೆಯಲೇ ಇಲ್ಲ. ಅಷ್ಟು ಸಲ ಪಾತ್ರೆ ಬಡಿಯುತ್ತಾ ಕೇಳಿಸಿಕೊಂಡವಳಿಗೆ ನನ್ನ ಬೊಬ್ಬೆಯೊಂದೇ ಕೇಳಿಸಿತ್ತು.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ಬುದ್ಧಿವಂತಿಕೆ. ಅಪ್ಪ ಏನು ಹೇಳಬೇಕೆಂದು ನಾನೇ ಬರೆದೆ, ಎರಡೂವರೆ ಪುಟ, ದುಂಡಗಿನ ಅಕ್ಷರದಲ್ಲಿ. "ನನ್ನ ಪ್ರೀತಿಯ ಮಕ್ಕಳೇ, ಜೀವನವು ಸಾಗರದಂತೆ ವಿಶಾಲವಾದುದು. ಸತ್ಯ, ಪರಿಶ್ರಮ ಮತ್ತು ಒಗ್ಗಟ್ಟುಗಳೇ ನಮ್ಮ ದೋಣಿಯ ಹುಟ್ಟುಗಳು." ಈಗ ಬರೆಯುವಾಗಲೂ ಕೈ ನಾಚುತ್ತದೆ. ಅಪ್ಪ ಕನ್ನಡಕ ಹಾಕಿ, ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಇದೆಲ್ಲ ನಾನು ಹೇಳ್ಬೇಕಾ?"

"ಹೌದು."

"ನಮ್ಮ ಭಾಷೆಯಲ್ಲೇ ಹೇಳ್ತೇನೆ ಮಗಾ. ಹಾಳೆ ಬೇಡ, ಬಾಯಿಗೆ ಬಂದದ್ದು ಹೇಳ್ತೇನೆ."

"ಅಪ್ಪ, ಇದು ರೆಕಾರ್ಡು. ಯಾವಾಗ್ಲೂ ಉಳಿಯುವಂಥದ್ದು. ಕನ್ನಡದಲ್ಲಿ ಸರಿಯಾಗಿ ಹೇಳಿ."

ಧಕ್ಕೆಯಲ್ಲಿ ನೂರು ಜನರನ್ನು ಒಂದು ಕೈಯಲ್ಲಿ ಸುಮ್ಮನಾಗಿಸುವ ಅಪ್ಪ, ಮಗಳು ಟೀಚರಾದ ಮೇಲೆ ಅವಳೆದುರು ಒಂದನೇ ಕ್ಲಾಸಿನವರಾಗುತ್ತಿದ್ದರು. ಸರಿ ಎಂದರು.

ಒಂದು ಭಾನುವಾರ ಬೆಳಿಗ್ಗೆ ಕಿಟಕಿ ಬಾಗಿಲು ಹಾಕಿದೆ. ಅಮ್ಮನಿಗೆ ಪಾತ್ರೆ ಮುಟ್ಟಬಾರದು, ಕೆಮ್ಮಬಾರದು ಎಂದು ಹೇಳಿ ಅಡಿಗೆಮನೆಯಲ್ಲಿ ಕೂರಿಸಿದೆ. ಫ್ಯಾನು ನಿಲ್ಲಿಸಿದೆ. ಕಾಗೆ ಬಾರದಿರಲಿ ಎಂದು ಹಿತ್ತಿಲಿನಲ್ಲಿ ಒಣಗಲು ಹಾಕಿದ್ದ ಮೀನನ್ನೂ ಒಳಗೆ ತಂದೆ. ಟಿವಿಯಲ್ಲಿ ಊಟದ ಸಾಲು ಓಡುತ್ತಿತ್ತು, ಅಪ್ಪ ಬೆವರುತ್ತಾ ಮೈಕು ಹಿಡಿದು ಓದಿದರು. ಮೊದಲ ಸಲ 'ಪರಿಶ್ರಮ'ದಲ್ಲಿ ಎಡವಿದರು. ಹಿಂದಕ್ಕೆ ಓಡಿಸಿ ಮತ್ತೆ ಶುರು ಮಾಡಿದೆ. ಎರಡನೇ ಸಲ ಅರ್ಧಕ್ಕೆ ಬರುವಾಗ ಅವರಿಗೆ ನಗು ತಡೆಯಲಾಗಲಿಲ್ಲ. ಹಾಳೆ ಕೆಳಗಿಟ್ಟು ತುಳುವಿನಲ್ಲಿ, "ಅಯ್ಯೋ, ನನ್ನ ಅಪ್ಪ ಇದನ್ನು ಕೇಳಿದ್ರೆ ದೋಣಿಯಿಂದ ಹಾರ್ತಿದ್ದ!" ಎಂದು ಗೊರಗೊರ ಸ್ವರದಲ್ಲಿ ನಕ್ಕರು, ನಗುತ್ತಾ ಕೆಮ್ಮಿದರು. ನಾನು ಬೈದೆ. ಹಿಂದಕ್ಕೆ ಓಡಿಸಿ ಆ ನಗುವನ್ನೂ ಅಳಿಸಿದೆ. ಮೂರನೇ ಸಲ ಒಂದೂ ತಪ್ಪಿರಲಿಲ್ಲ.

ಆಪರೇಷನ್ ಆಯಿತು. ಡಾಕ್ಟರು ಹೇಳಿದ ಹಾಗೆಯೇ ಜೀವ ಉಳಿಯಿತು. ಕುತ್ತಿಗೆಯಲ್ಲಿ ಉಸಿರಿಗೊಂದು ತೂತು, ಅದರ ಮೇಲೆ ಅಮ್ಮ ಹೊಲಿದು ಕೊಟ್ಟ ಬಿಳಿ ಬಟ್ಟೆ. ಎರಡು ತಿಂಗಳ ಮೇಲೆ ತಂಗಿ ಗಲ್ಫಿನಿಂದ ಅಪ್ಪನನ್ನು ನೋಡಲು ಬಂದಳು. ನಾನು ದೊಡ್ಡ ಸಾಧನೆ ಮಾಡಿದವಳ ಹಾಗೆ ಎಲ್ಲರನ್ನೂ ಕೂರಿಸಿ ಕ್ಯಾಸೆಟ್ಟು ಹಾಕಿದೆ. ಪರದೆಯ ಮೇಲೆ ಜನ ಪಾಯಸ ಸುರಿಯುತ್ತಿದ್ದಾರೆ. ಅದರ ಮೇಲೆ ಒಂದು ಗೊಗ್ಗರು ಸ್ವರ ಒಂದೊಂದೇ ಶಬ್ದ ಹೆಕ್ಕಿ ಹೆಕ್ಕಿ, "ಜೀವನವು... ಸಾಗರದಂತೆ... ವಿಶಾಲವಾದುದು" ಎನ್ನುತ್ತಿದೆ. ತಂಗಿ ಮೊದಲು ನಕ್ಕಳು. "ಇದು ಯಾರು, ರೇಡಿಯೋದವ್ರಾ?" ಎಂದಳು. ಆಮೇಲೆ ಅವಳಿಗೆ ಗೊತ್ತಾಯಿತು. ನನ್ನ ಕಡೆ ತಿರುಗಿ, "ಅಕ್ಕಾ, ಇಲ್ಲಿ ಅಪ್ಪ ನುಪ್ಪು ಕನಲೆ ಅಂತ ಹೇಳುದು ಇತ್ತಲ್ಲ? ಅದೆಲ್ಲಿ?" ಎಂದು ಕೇಳಿದಳು.

ನನಗೆ ಆಗ ತಿಳಿದದ್ದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ನನ್ನನ್ನು ನೋಡಿಯೇ ಆ ಗಾದೆ ಕಟ್ಟಿರಬೇಕು.

ಅಪ್ಪ ಕುರ್ಚಿಯಲ್ಲಿ ಮುಂದೆ ಬಾಗಿ, ಆ ಸ್ವರವನ್ನು ಕಿವಿಗೊಟ್ಟು ಕೇಳುತ್ತಿದ್ದರು. ತುಟಿ ಅಲ್ಲಾಡಿತು. ನನಗೆ ಅರ್ಥವಾಗಲಿಲ್ಲ, ಅಮ್ಮ ಓದಿ ಹೇಳಿದಳು: "'ಇಂಬೆ ಏರ್?' ಅಂತ ಕೇಳ್ತಿದ್ದಾರೆ. ಇವ ಯಾರು ಅಂತ." ಅಪ್ಪ ತಮಾಷೆಗೆ ಕೇಳಿದ್ದು, ಕಣ್ಣಿನಲ್ಲಿ ನಗು ಇತ್ತು. ನನಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಮರುದಿನ ಶಾಲೆಗೆ ರಜೆ ಹಾಕಿ ಮೂರು ಗಂಟೆಯ ಕ್ಯಾಸೆಟ್ಟನ್ನೂ ತಡಕಾಡಿದೆ. ಹಾಡು, ಹಾಡು, ನಾಗಸ್ವರ, ಮತ್ತೆ ಹಾಡು. ಒಂದು ಕಡೆ ಎರಡು ಹಾಡುಗಳ ನಡುವೆ ಯಾರೋ ಕೆಮ್ಮಿದ್ದು ಕೇಳಿಸಿತು. ಅದು ಅಪ್ಪನದೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ವರ್ಷವರ್ಷವೂ ಹೇಳಿಕೊಡುತ್ತಿದ್ದವಳು ನಾನು.

ಅಂದಿನಿಂದ ಮನೆಯಲ್ಲಿ ನನ್ನ ಸ್ವರ ತಾನಾಗಿಯೇ ಇಳಿಯಿತು. ಸ್ವರವಿಲ್ಲದ ಮನುಷ್ಯನೆದುರು ಗಟ್ಟಿಯಾಗಿ ಮಾತನಾಡುವುದು ಹಸಿದವನೆದುರು ಉಂಡ ಹಾಗೆ ಅನಿಸುತ್ತಿತ್ತು. ಶಾಲೆಯಲ್ಲಿ ಬೊಬ್ಬೆ, ಮನೆಯ ಗೇಟು ದಾಟಿದರೆ ಪಿಸುಮಾತು. ಪಕ್ಕದ ಮನೆಯಾಕೆಯೇ ಒಂದು ದಿನ ಬೇಲಿಯ ಹತ್ತಿರ ಬಂದು, "ಟೀಚರೇ, ಹುಷಾರಿದ್ದೀರಾ? ನಿಮ್ಮ ಸ್ವರವೇ ಇಲ್ಲ" ಎಂದಳು. ನಾನು ಅಲ್ಲಿಯೇ ಅವಳೊಡನೆ ರಾಜಿಯಾದೆ. ಆದರೆ ಮನೆಯೊಳಗೆ ಸ್ವರ ಎತ್ತಲಿಲ್ಲ.

ಅಪ್ಪನಿಗೆ ನಾನು ಶಾಲೆಯಿಂದ ಒಂದು ಸ್ಲೇಟು ತಂದು ಕೊಟ್ಟೆ. ಬೇಕಾದದ್ದನ್ನು ಬರೆಯಿರಿ ಎಂದೆ. ಅವರು ಬರೆದರು, ಕನ್ನಡದಲ್ಲಿಯೇ, ಇನ್ನೇನು. "ಗಂಜಿ ಬಿಸಿ ಇಲ." "ಬೆನು ತುರಿಸುತದೆ." ಓದಿದವಳು ಸುಮ್ಮನೆ ಬೆನ್ನು ತುರಿಸಬೇಕಲ್ಲವೇ? ನಾನು ಬಳಪ ತೆಗೆದುಕೊಂಡು ಮೊದಲು ಒತ್ತಕ್ಷರ ಹಾಕಿದೆ. ಹದಿನಾರು ವರ್ಷದ ಅಭ್ಯಾಸ, ಕೈ ತಡೆಯಲಿಲ್ಲ. ಹೀಗೆ ನಾಲ್ಕೈದು ದಿನ ನಡೆಯಿತು. ಒಂದು ಬೆಳಿಗ್ಗೆ ಅಪ್ಪ ಸ್ಲೇಟನ್ನು ಚೆನ್ನಾಗಿ ಒರೆಸಿ, ಮಂಚದ ಅಡಿಗೆ ತಳ್ಳಿ, ನನ್ನ ಮುಖ ನೋಡಿ, ನಿಧಾನವಾಗಿ ತುಟಿಯಲ್ಲಿ ತುಳು ಮಾತನಾಡಿದರು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಮತ್ತೆ ಹೇಳಿದರು. ಮತ್ತೆ. ಏಳನೇ ಸಲಕ್ಕೆ ತಿಳಿಯಿತು: ಅಲ್ಲಿ ಇಲ್ಲಿ ನೋಡಬೇಡ, ಬಾಯಿ ನೋಡು.

ಹಾಗೆ ನಾನು ಕಲಿತೆ. ಐದು ವರ್ಷ ಕಲಿತೆ. ಯಾವ ಟ್ರೈನಿಂಗ್ ಕಾಲೇಜಿನಲ್ಲಿಯೂ ನನಗೆ ಅಷ್ಟು ಕಠಿಣವಾದ ಮಾಸ್ಟರು ಸಿಕ್ಕಿರಲಿಲ್ಲ. ತಪ್ಪು ಓದಿದರೆ ಅಪ್ಪ ತೊಡೆಗೆ ಫಟ್ಟೆಂದು ಹೊಡೆದುಕೊಂಡು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚುತ್ತದೆ, ಯಾವುದು ಎಂದು ಕಣ್ಣು ನೋಡಿ ತಿಳಿಯಬೇಕು. ಬೈಗುಳ ಬೇಗ ಅರ್ಥವಾಗುತ್ತಿತ್ತು. ಅಮ್ಮ ನಮಗಿಂತ ತುಂಬಾ ಮುಂದೆ. ಅವಳು ಅಪ್ಪನ ಬೆನ್ನು ನೋಡಿಯೇ ಏನು ಹೇಳುತ್ತಿದ್ದಾರೆಂದು ಹೇಳಬಲ್ಲಳು ಎಂದು ತಂಗಿ ತಮಾಷೆ ಮಾಡುತ್ತಿದ್ದಳು. ಅಪ್ಪ ಮತ್ತೆ ಧಕ್ಕೆಗೂ ಹೋಗತೊಡಗಿದರು. ಏಲಂ ಬೇರೆಯವರು ಕೂಗುತ್ತಿದ್ದರು, ಅಪ್ಪ ಮಗುಚಿದ ಬುಟ್ಟಿಯ ಮೇಲೆ ಕೂತು ನೋಡುತ್ತಿದ್ದರು. ಅಲ್ಲಿಯ ಜಗಳಗಳೆಲ್ಲ ಸಂಜೆ ನಮ್ಮ ಮನೆಗೆ ಸದ್ದಿಲ್ಲದೆ ಬರುತ್ತಿದ್ದವು.

ಆ ದಶಕ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ಚಹಾ ಕುಡಿದು ಒರಗಿದ ಅಪ್ಪ ಮತ್ತೆ ಏಳಲಿಲ್ಲ. ಹೃದಯ ಎಂದರು. ನಾನು ಕ್ಯಾಸೆಟ್ಟಿನ ಬಗ್ಗೆ ಅವರಲ್ಲಿ ಒಮ್ಮೆಯೂ ಬಾಯಿ ಬಿಟ್ಟು ತಪ್ಪಾಯಿತು ಎಂದಿರಲಿಲ್ಲ. ಐದು ವರ್ಷ ದಿನಾ ಎದುರೆದುರು ಕೂತು ಅವರ ಬಾಯಿ ನೋಡಿದವಳಿಗೆ ಅಷ್ಟು ಹೇಳಲು ಆಗಿರಲಿಲ್ಲ.

ತಿಂಗಳ ಕಾರ್ಯ ಎಲ್ಲ ಮುಗಿದ ಮೇಲೆ ತಂಗಿ ಮದುವೆಯ ಕ್ಯಾಸೆಟ್ಟಿನ ಒಂದು ಪ್ರತಿ ಕೇಳಿ ಕಾಗದ ಬರೆದಳು. ಕ್ಯಾಸೆಟ್ಟು ತೆಗೆದರೆ ರೀಲಿಗೆಲ್ಲ ಬಿಳಿ ಬೂಷ್ಟು. ಈ ಊರಿನ ಮಳೆಗಾಲ ಯಾವುದನ್ನೂ ಬಿಡುವುದಿಲ್ಲ. ಬಟ್ಟೆಯಲ್ಲಿ ಒರೆಸಿ, ಇನ್ನೂ ಓಡುತ್ತದೆಯೇ ನೋಡೋಣ ಎಂದು ಹಾಕಿದೆ. ಮಧ್ಯಾಹ್ನದ ಹೊತ್ತು, ಅಮ್ಮ ನೆಲದ ಮೇಲೆ ಕೂತು ಬೂತಾಯಿ ಶುಚಿ ಮಾಡುತ್ತಿದ್ದಳು. ಊಟದ ಸಾಲು ಬರುವಾಗ ತಲೆ ಎತ್ತದೆ ಹೇಳಿದಳು: "ಆ ಭಾಷಣ ಬೇಡ. ಸ್ವರ ತೆಗಿ, ಚಿತ್ರ ಮಾತ್ರ ಇರಲಿ."

ಸ್ವರ ಪೂರ್ತಿ ಇಳಿಸಿದೆ. ಪರದೆಯ ಮೇಲೆ ನಾನು ಬಂದೆ, ಬೆರಳು ತೋರಿಸಿದೆ, ಬಾಯಿ ಅಗಲ ಮಾಡಿದೆ. ಕೆಮರಾ ಹೆದರಿ ಪಕ್ಕಕ್ಕೆ ತಿರುಗಿತು. ಅಲ್ಲಿ ಅಪ್ಪ ನಿಂತಿದ್ದರು, ಹೊಸ ಶಾಲು ಹೆಗಲ ಮೇಲೆ, ಲೈಟು ನೇರ ಮುಖಕ್ಕೆ. ಅವರೆದುರು ಅಪ್ಪನ ಅಕ್ಕ, ನಮ್ಮ ಮಾಮಿ. ಅವರ ತಲೆಯ ಮಲ್ಲಿಗೆ ಮಾತ್ರ ಕಾಣುತ್ತಿತ್ತು. ಮಾಮಿ ಏನೋ ಹೇಳುತ್ತಿದ್ದಿರಬೇಕು, ಹೂವು ಅಲ್ಲಾಡುತ್ತಿತ್ತು. ಅಪ್ಪ ನಕ್ಕರು. ನನ್ನ ಕಡೆಗೊಮ್ಮೆ ನೋಡಿದರು. ಆಮೇಲೆ ಅವರ ತುಟಿ ಅಲ್ಲಾಡಿತು.

ಐದು ವರ್ಷದ ಅಭ್ಯಾಸ. ಓದಬೇಕು ಎಂದುಕೊಳ್ಳುವ ಮೊದಲೇ ಕಣ್ಣು ಓದಿಯಾಗಿತ್ತು. ನನಗೆ ನಂಬಿಕೆ ಬರಲಿಲ್ಲ. ಹಿಂದಕ್ಕೆ ಓಡಿಸಿದೆ. ತುಟಿ ಎರಡು ಸಲ ಮುಚ್ಚಿ ತೆರೆಯಿತು: ಬೊಬ್ಬೆ. ಹಿಂದಕ್ಕೆ ಓಡಿಸಿದೆ. ಹಲ್ಲು ಕಾಣುವ ಹಾಗೆ ಒಂದು ಎ, ಆಮೇಲೆ ತುಟಿ ದುಂಡಗಾಗಿ ಒಂದು ಸೊ. ಎಷ್ಟು ಸಲ ಹಿಂದೆ ಮುಂದೆ ಮಾಡಿದೆನೋ, ಯಂತ್ರ ಬಿಸಿಯಾಯಿತು. ಕೊನೆಗೆ ಎದುರಿಗೆ ನಿಂತು ಹೇಳಿದಷ್ಟು ಸ್ಪಷ್ಟವಾಯಿತು.

"ಬೊಬ್ಬೆ ಪಾಡಡ್. ಅವು ಎನ್ನ ಸೊರ."

ಬೊಬ್ಬೆ ಹಾಕಲಿ. ಅದು ನನ್ನ ಸ್ವರ.

"ಅಮ್ಮಾ" ಎಂದೆ. "ಇಲ್ಲಿ ನೋಡು. ಅಪ್ಪ ಇಲ್ಲಿ ಎಂತ ಹೇಳಿದ್ದು?"

ಅಮ್ಮ ನೋಡಲೂ ಇಲ್ಲ. ಮೀನಿನ ತಲೆ ತೆಗೆಯುತ್ತಾ ಹೇಳಿದಳು: "ಅದಾ? ನಾನು ಅಲ್ಲೇ ಪಕ್ಕದಲ್ಲಿ ಇದ್ದೆನಲ್ಲ. ಮಾಮಿ ಹೇಳಿದ್ರು, ಈ ಹುಡುಗಿಯ ಬಾಯಿಗೆ ಒಂದು ಬೀಗ ಹಾಕು, ಇಲ್ಲದಿದ್ರೆ ಇವಳನ್ನು ಯಾರೂ ಕಟ್ಟಿಕೊಳ್ಳುದಿಲ್ಲ ಅಂತ. ಅದಕ್ಕೆ ನಿನ್ನ ಅಪ್ಪ, ಬೊಬ್ಬೆ ಹಾಕ್ಲಿ, ಅದು ನನ್ನ ಸ್ವರ ಅಂತ ಹೇಳಿದ್ದು."

"ನಿನಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ ಎಂತ?"

"ಮತ್ತೆ ಇಷ್ಟು ವರ್ಷ ನನಗೆ ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ದಾ?"

ನನಗೆ ಎಲ್ಲಿತ್ತೋ ಕೋಪ. ಐದು ವರ್ಷ ಗಂಟಲಿನಲ್ಲಿ ಕೂತದ್ದೆಲ್ಲ ಒಟ್ಟಿಗೆ ಎದ್ದು ಬಂತು. ಎದ್ದು ನಿಂತು ಕೂಗಿದೆ. ಕೇಳುದಾ? ಎಂತ ಕೇಳುದು? ನಾನು ಇಲ್ಲಿ ದಿನಾ ಸಾಯ್ತಾ ಇದ್ದೆ, ಆ ಏಳು ನಿಮಿಷ ನೆನೆಸಿ ನೆನೆಸಿ ಸಾಯ್ತಾ ಇದ್ದೆ, ಒಂದು ಮಾತು ಹೇಳ್ಲಿಕ್ಕೆ ನಿನಗೆ ಎಂತ ಕಷ್ಟ ಆಗ್ತಿತ್ತು, ನಿನ್ನ ಬಾಯಿಯಲ್ಲಿ ಎಂತ ಮೀನು ಇತ್ತಾ? ಹೀಗೆ ಏನೇನೋ, ಎಲ್ಲ ತುಳುವಿನಲ್ಲಿ, ಹಂಚು ಹಾರುವ ಹಾಗೆ. ಪಕ್ಕದ ಮನೆಯಾಕೆ ಅಂಗಳಕ್ಕೆ ಬಂದು ನಿಂತದ್ದು ಕಿಟಕಿಯಲ್ಲಿ ಕಂಡಿತು. ನಿಲ್ಲಲಿ ಎಂದು ಇನ್ನಷ್ಟು ಕೂಗಿದೆ. ಉಸಿರು ಸಾಲದೆ ಕೊನೆಗೆ ನಿಲ್ಲಿಸಿದೆ.

ಅಮ್ಮನ ಕೈಯಲ್ಲಿ ಕತ್ತಿ ಹಾಗೆಯೇ ನಿಂತಿತ್ತು. ಅವಳು ನನ್ನ ಬಾಯಿಯನ್ನು ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ತಲೆ ಸ್ವಲ್ಪ ವಾಲಿಸಿ, ಕೇಳುತ್ತಿದ್ದಳು. ಮೀನಿನ ಕೈಯ ಮಣಿಕಟ್ಟಿನಿಂದ ಕೆನ್ನೆ ಒರೆಸಿಕೊಂಡಳು.

"ಇನ್ನೊಂದು ಸಲ ಬೈ" ಎಂದಳು.